ಎರಡನೇ ಪಂಪು

ನಲವತ್ತು ಮನೆಗಳ ಆ ಕಟ್ಟಡದಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ, ಅವನ ಹೆಂಡತಿಗೆ ಮತ್ತು ರಿಜಿಸ್ಟರ್ ಇಟ್ಟುಕೊಂಡಿದ್ದ ಕಾರ್ಯದರ್ಶಿಗೆ. ಉಳಿದವರಿಗೆಲ್ಲ ಅವನು ಬಿಸಿಯಣ್ಣ. ನೆಲಮಾಳಿಗೆಯ ಬಾಯ್ಲರ್ ಅವನ ಕೈಗೆ ಬಂದು ಹದಿನೆಂಟು ವರ್ಷವಾಗಿತ್ತು. ಹೊರಗೆ ಮೊಣಕಾಲುದ್ದ ಹಿಮ ಬಿದ್ದಿರಲಿ, ಬೀದಿಯ ನಲ್ಲಿ ಹೆಪ್ಪುಗಟ್ಟಿ ಒಡೆದುಹೋಗಲಿ, ಒಳಗೆ ನಲವತ್ತು ಮನೆಗಳ ಗೋಡೆಯ ಕೊಳವೆಗಳಲ್ಲಿ ಬಿಸಿನೀರು ಹರಿಯುತ್ತಿರಬೇಕು. ಅದೊಂದೇ ಅವನ ಕೆಲಸ. ಅದಕ್ಕಾಗಿ ಅವನು ನಿದ್ದೆಯಲ್ಲೂ ಒಂದು ಕಿವಿಯನ್ನು ನೆಲಕ್ಕೆ ಕೊಟ್ಟೇ ಮಲಗುತ್ತಿದ್ದ.

ಆ ಬೆಳಿಗ್ಗೆ ಭಾವ ಫೋನ್ ಮಾಡಿದಾಗ ಅವನು ಬಾಯ್ಲರಿನ ಮುಂದೆ ಕೂತು ಚಹಾ ಕುಡಿಯುತ್ತಿದ್ದ. ಭಾವ ಕ್ಷೌರಿಕ. ಕತ್ತರಿಗಿಂತ ಬಾಯಿ ಜಾಸ್ತಿ ಓಡುವ ಮನುಷ್ಯ, ಗಿರಾಕಿಯ ತಲೆ ಮುಗಿದರೂ ಮಾತು ಮುಗಿಯುತ್ತಿರಲಿಲ್ಲ. ಆದರೆ ಅವತ್ತು ಒಂದೇ ಒಂದು ಮಾತು ಆಡಿದ.

"ಪುಟ್ಟಾ, ನಿಮ್ಮಕ್ಕನ್ನ ನೋಡೋದಿದ್ರೆ ಈಗಲೇ ಬಾರಯ್ಯ."

ಚಹಾ ಆರಿಹೋಯಿತು.

ಅಮ್ಮ ತೀರಿಕೊಂಡಾಗ ಪುಟ್ಟನಿಗೆ ನಾಲ್ಕು ವರ್ಷ, ಅಕ್ಕನಿಗೆ ಹನ್ನೊಂದು. ಅವಳು ಶಾಲೆ ಬಿಟ್ಟು ಇವನನ್ನು ಸೊಂಟದ ಮೇಲೆ ಕೂರಿಸಿಕೊಂಡಳು. ಆಮೇಲೆ ಇವನು ಇಳಿದು ನಡೆದ, ಶಾಲೆಗೆ ಹೋದ, ಕೆಲಸ ಕಲಿತ, ಕೆಲಸ ಹುಡುಕುತ್ತ ಮೂರು ವಿಮಾನದಷ್ಟು ದೂರದ ಈ ಚಳಿಯ ಊರಿಗೆ ಬಂದ. ಅವಳು ಆ ಬಿಸಿಲಿನ ಊರಿನಲ್ಲೇ ಉಳಿದಳು. ವಾರಕ್ಕೊಮ್ಮೆ ಫೋನ್. ಫೋನಿನ ಕೊನೆಗೆ ಯಾವಾಗಲೂ ಅದೇ ಪ್ರಶ್ನೆ.

"ಈ ಸಲವಾದ್ರೂ ಬರ್ತೀಯೇನೋ?"

"ಬರ್ತೀನಿ ಅಕ್ಕ. ಚಳಿಗಾಲ ಒಂದು ಕಳೀಲಿ. ಈಗ ನಾನು ಬಿಟ್ಟು ಬಂದ್ರೆ ನಲವತ್ತು ಮನೆ ತಣ್ಣಗಾಗತ್ತೆ."

ಬೇಸಿಗೆ ಬಂದರೆ, "ಬರ್ತೀನಿ ಅಕ್ಕ, ಬಾಯ್ಲರ್ ಬಿಚ್ಚಿ ತೊಳೆಯೋದು ಈಗಲೇ ತಾನೇ. ಅದೊಂದು ಮುಗೀಲಿ."

"ಆ ಬಾಯ್ಲರನ್ನೇ ಮದುವೆ ಮಾಡ್ಕೊಂಡಿದ್ರೆ ಆಗ್ತಿತ್ತು ನೀನು. ಪಾಪ, ಆ ಹುಡುಗಿಯಾದ್ರೂ ಬಚಾವಾಗ್ತಿದ್ಲು."

ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದ ಹೆಂಡತಿ ಕೂಗಿ ಹೇಳುತ್ತಿದ್ದಳು, "ಅತ್ತಿಗೆ, ಈಗಲೂ ತಡ ಆಗಿಲ್ಲ, ನಾನು ಬಿಟ್ಟುಕೊಡೋಕೆ ತಯಾರಿದೀನಿ!" ಮೂವರೂ ನಗುತ್ತಿದ್ದರು. ಹೀಗೆ ನಗುತ್ತ ನಗುತ್ತಲೇ ಹದಿನೆಂಟು ವರ್ಷ ಸರಿದುಹೋಯಿತು.

ಈಗ ಅವನಿಗೆ ಬೇಕಾಗಿದ್ದದ್ದು ಬಹಳ ಚಿಕ್ಕದು. ಅಷ್ಟು ವರ್ಷದ 'ಬರ್ತೀನಿ'ಗಳಿಗೆಲ್ಲ ಸೇರಿಸಿ ಒಂದು ಸಲ 'ಬಂದೆ' ಅನ್ನಬೇಕು. ಅವಳು ಕಣ್ಣು ಬಿಟ್ಟಿರುವಾಗ ಅನ್ನಬೇಕು.

ಬಾಯ್ಲರನ್ನು ಹೆಂಡತಿಗೇ ಒಪ್ಪಿಸುವುದು ಎಂದಾಯಿತು. ಬೇರೆ ಯಾರನ್ನೂ ಅವನು ನಂಬುತ್ತಿರಲಿಲ್ಲ. ಅವಳು ಎದುರು ಬೀದಿಯ ಲಾಂಡ್ರಿಯಲ್ಲಿ ಕೆಲಸ ಮಾಡುವವಳು, ಹಬೆ, ಬಿಸಿನೀರು, ಗುರುಗುಟ್ಟುವ ಯಂತ್ರ ಯಾವುದೂ ಅವಳಿಗೆ ಹೊಸದಲ್ಲ. ಅವನು ಕೆಂಪು ಬಣ್ಣದ ಡಬ್ಬಿ ತಂದು ತಿರುಗಿಸಬೇಕಾದ ವಾಲ್ವುಗಳಿಗೆಲ್ಲ ಬೊಟ್ಟಿಟ್ಟ. ಮುಟ್ಟಬಾರದವಕ್ಕೆ ಚಿಂದಿ ಕಟ್ಟಿದ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಮಾಡಬೇಕಾದ ಕೆಲಸಗಳನ್ನು ಒಂದರಿಂದ ಒಂಬತ್ತರವರೆಗೆ ಸಾಲಾಗಿ ಬರೆದ.

"ಈ ಒತ್ತಡದ ಮುಳ್ಳು ಇಲ್ಲಿಂದ ಇಲ್ಲಿವರೆಗೆ ಇರ್ಬೇಕು. ಕೆಳಗಿಳಿದ್ರೆ ಈ ನಲ್ಲಿ ತಿರುಗಿಸಿ ನೀರು ಬಿಡು. ಮೇಲೆ ಹೋದ್ರೆ..."

"ಓಡಿಹೋಗ್ತೀನಿ."

"ತಮಾಷೆ ಮಾಡ್ಬೇಡ ಕಣೆ."

"ನಾನು ತಮಾಷೆ ಮಾಡ್ತಾ ಇಲ್ಲ ರೀ. ಅದು ಸಿಡಿದ್ರೆ ನಿಮಗೆ ಬಾಯ್ಲರೂ ಇಲ್ಲ, ಹೆಂಡ್ತೀನೂ ಇಲ್ಲ. ಸರಿ, ಹೇಳಿ, ಮೇಲೆ ಹೋದ್ರೆ?"

ಅವನು ಹೇಳಿದ. ಅವಳು ಲಾಂಡ್ರಿಯ ಚೀಟಿ ಪುಸ್ತಕದ ಹಿಂದೆ ಬರೆದುಕೊಂಡಳು. ಫಲಕದ ಮೇಲೆ ಒಂದು, ಎರಡು ಎಂದು ನಂಬರ್ ಹಾಕಿದ ಎರಡು ಸ್ವಿಚ್ಚುಗಳಿದ್ದವು. "ಒಂದು, ಎರಡು ಅಂದ್ರೆ ಪಂಪುಗಳಾ?" ಎಂದು ಕೇಳಿದಳು.

"ಹೂಂ. ಒಂದನೇದು ಓಡ್ತಾ ಇದೆ. ಎರಡನೇದರ ಗೊಡವೆಗೆ ಹೋಗ್ಬೇಡ."

ಎರಡನೇ ಪಂಪು ಇರಲೇ ಇಲ್ಲ. ಚಳಿ ಶುರುವಾಗುವ ಮುಂಚೆಯೇ ಅದರ ಬೇರಿಂಗ್ ಸವೆದುಹೋಗಿ, ಅವನು ಅದನ್ನು ಬಿಚ್ಚಿ, ಕೊಳವೆಯ ಬಾಯಿಗೆ ಮುಚ್ಚಳ ಬಿಗಿದಿದ್ದ. ಪಂಪಿನ ಮೈ, ಬೋಲ್ಟು, ವಾಷರು ಎಲ್ಲ ಮೂಲೆಯ ಬಕೆಟಿನಲ್ಲಿ ಗೋಣಿಚೀಲದಡಿ ಬಿದ್ದಿದ್ದವು. ಬೇರಿಂಗ್ ಬಂದೊಡನೆ ಸದ್ದಿಲ್ಲದೆ ಕೂರಿಸಿಬಿಡೋಣ ಎಂದು ಯಾರಿಗೂ ಹೇಳಿರಲಿಲ್ಲ. ಈಗಂತೂ ಹೇಳುವ ಹಾಗೇ ಇರಲಿಲ್ಲ. ಒಂದೇ ಪಂಪಿನ ಮೇಲೆ ನಲವತ್ತು ಮನೆ ನಿಂತಿದೆ ಎಂದು ಗೊತ್ತಾದರೆ ಕಾರ್ಯದರ್ಶಿ ಅವನನ್ನು ಬಿಡುತ್ತಿರಲಿಲ್ಲ. ಹೆಂಡತಿಗೆ ಗೊತ್ತಾದರೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಜೀವನದಲ್ಲಿ ಮೊದಲ ಸಲ ಅವನು ಬಾಯ್ಲರಿಗೆ ಮೋಸ ಮಾಡಿ ಅಕ್ಕನ ಕಡೆಗೆ ನಿಂತ.

ಬಾಗಿಲಲ್ಲಿ ಹೆಂಡತಿ ಅವನ ಕೋಟಿನ ಗುಂಡಿ ಹಾಕುತ್ತ ಹೇಳಿದಳು, "ನೀವು ಭಾವನಿಗೆ ಫೋನ್ ಮಾಡೋಕೆ ಹೋಗ್ಬೇಡಿ. ಆಸ್ಪತ್ರೆ ಒಳಗೆ ಅವರು ಎತ್ತೋದಿಲ್ಲ, ಎತ್ತದಿದ್ರೆ ನೀವು ಏನೇನೋ ಅಂದ್ಕೋತೀರಿ. ನಾನು ವಿಚಾರಿಸ್ತಾ ಇರ್ತೀನಿ. ಇಳಿದ ಕಡೆಯೆಲ್ಲ ನನಗೇ ಮಾಡಿ."

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅವನ ಕೋಟಿನ ಜೇಬಿನಿಂದ ಒಂದು ಸ್ಪ್ಯಾನರ್ ಹೊರಬಿತ್ತು. ಅದು ಅಲ್ಲಿ ಇರುವುದೇ ಅವನಿಗೆ ಮರೆತುಹೋಗಿತ್ತು, ಕೈಗೆ ಬೆರಳಿರುವುದು ಮರೆತುಹೋಗುವ ಹಾಗೆ. ತಪಾಸಣೆಯ ಹೆಂಗಸು ಅದನ್ನು ಎತ್ತಿ ಡಬ್ಬಿಗೆ ಹಾಕಿದಳು. "ವಾಪಸ್ ಬರುವಾಗ ಸಿಗತ್ತಾ ಮೇಡಂ?" ಎಂದ. ಅವಳು ಅವನ ಮುಖ ನೋಡಿ, ಹಿಂದಿನವರನ್ನು ಮುಂದೆ ಬರಲು ಹೇಳಿದಳು.

ಮೊದಲ ವಿಮಾನ ಹೊರಡುವುದೇ ತಡವಾಯಿತು. ರೆಕ್ಕೆಯ ಮೇಲೆ ಮಂಜುಗಡ್ಡೆ ಕೂತಿತ್ತು. ಒಂದು ಲಾರಿ ಬಂದು, ಅದರ ಏಣಿಯ ತುದಿಯಲ್ಲಿ ನಿಂತಿದ್ದವನು ರೆಕ್ಕೆಗೆ ಬಿಸಿ ದ್ರವ ಚಿಮ್ಮಿಸುತ್ತಿದ್ದ. ಹಬೆ ಏಳುತ್ತಿತ್ತು. ಪ್ರಯಾಣಿಕರೆಲ್ಲ ಗೊಣಗುತ್ತಿದ್ದರೆ ಇವನು ಕಿಟಕಿಗೆ ಮೂಗು ತಾಗಿಸಿ ನೋಡುತ್ತ, ಪರವಾಗಿಲ್ಲ, ಕೆಲಸ ಬಲ್ಲವನೇ, ಎಂದುಕೊಂಡ. ಮರುಕ್ಷಣವೇ ಗಡಿಯಾರ ನೋಡಿಕೊಂಡ. ತಡವಾಗುತ್ತಿದ್ದದ್ದು ತನಗೆ.

ಮೊದಲನೇ ನಿಲ್ದಾಣದಲ್ಲಿ ಇಳಿದಾಗ ಮಧ್ಯಾಹ್ನ. ಅಲ್ಲೂ ಚಳಿ, ಆದರೆ ಹಿಮವಿಲ್ಲ. ಉದ್ದನೆಯ ಪಡಸಾಲೆಯಲ್ಲಿ ಒಂದು ಕುರ್ಚಿ ಹಿಡಿದು ಫೋನ್ ಮಾಡಿದ. ಗಂಟಲಲ್ಲಿ ಇದ್ದದ್ದು ಒಂದು ಪ್ರಶ್ನೆ, ಬಾಯಿಂದ ಬಂದದ್ದು ಇನ್ನೊಂದು.

"ಮುಳ್ಳು ಎಲ್ಲಿದೆ?"

"ಮುಳ್ಳು ಸರಿಯಾಗಿದೆ. ಐದನೇ ಮಹಡಿ ಟೀಚರಮ್ಮ ಬಂದಿದ್ರು, ಅವರ ಮನೆ ಹೀಟರಲ್ಲಿ ಗೊಳಗೊಳ ಅಂತ ಸದ್ದಂತೆ. ಏನು ಮಾಡ್ಲಿ?"

"ಗಾಳಿ ಸೇರ್ಕೊಂಡಿದೆ. ಏನೂ ಹೆದರ್ಬೇಡ." ಅವನ ಬೆನ್ನು ನೆಟ್ಟಗಾಯಿತು. ಸಣ್ಣ ಕೀಲಿ ಎಲ್ಲಿದೆ, ಹೀಟರಿನ ಯಾವ ತುದಿಗೆ ಹಾಕಬೇಕು, ಕೆಳಗೆ ಬಟ್ಟಲು ಹಿಡಿದು ಎಷ್ಟು ತಿರುಗಿಸಬೇಕು, ಗಾಳಿ ಹೋಗಿ ನೀರು ಬರುವಾಗ ಸದ್ದು ಹೇಗೆ ಬದಲಾಗುತ್ತದೆ, ಎಲ್ಲ ಹೇಳಿದ. ಪಕ್ಕದ ಕುರ್ಚಿಯವರು ತಿರುಗಿ ನೋಡುವಷ್ಟು ಜೋರಾಗಿ ಹೇಳಿದ. ಹೇಳಿ ಮುಗಿದ ಮೇಲೆ ಮೆಲ್ಲಗೆ ಕೇಳಿದ, "ಅಕ್ಕ?"

"ಮಲಗಿದ್ದಾರಂತೆ. ನೀವು ಏನಾದ್ರೂ ತಿಂದ್ರಾ?"

"ಹೂಂ." ತಿಂದಿರಲಿಲ್ಲ.

"ಸುಳ್ಳು ಹೇಳ್ಬೇಡಿ. ಹೋಗಿ ತಿನ್ನಿ."

ಮಲಗಿದ್ದಾಳೆ ಅಂದರೆ ಒಳ್ಳೆಯದೇ. ನಿದ್ದೆ ಬಂದಿದೆ ಅಂದರೆ ನೋವು ಕಡಿಮೆಯಾಗಿದೆ. ಅವನು ಹೋಗಿ ತಿಂದ.

ಎರಡನೇ ವಿಮಾನ ಎಲ್ಲಕ್ಕಿಂತ ಉದ್ದದ್ದು. ಸೀಟು ಕಿರಿದು, ಬೂಟು ಭಾರ, ಕೋಟು ಎಲ್ಲಿಡಬೇಕೆಂದು ತಿಳಿಯದೆ ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡ. ವಿಮಾನದ ಸದ್ದು ಬಾಯ್ಲರಿನ ಸದ್ದಿನಂತೆಯೇ ಇತ್ತು. ಕಣ್ಣು ಮುಚ್ಚಿದರೆ ನೆಲಮಾಳಿಗೆ. ಆ ಸದ್ದಿನೊಳಗೆ ಅವನು ಅಕ್ಕನ ಮುಂದೆ ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡ. 'ಬಂದೆ ಅಕ್ಕ' ಅನ್ನಬೇಕು. ಅವಳು, 'ಅಬ್ಬಾ, ಮಹಾರಾಜರ ಸವಾರಿ ಬಂತು' ಅನ್ನುತ್ತಾಳೆ. ಕೋಟು ನೋಡಿ, 'ಇದೇನೋ ಕರಡಿ ವೇಷ' ಅನ್ನುತ್ತಾಳೆ. ಅನ್ನಲಿ. ಎಷ್ಟು ಬೇಕಾದರೂ ಅನ್ನಲಿ.

ಎರಡನೇ ನಿಲ್ದಾಣದಲ್ಲಿ ಬೆಳಗಾಗಿತ್ತು. ಗಾಜಿನ ಆಚೆ ಬಿಸಿಲು. ಜನ ಅರ್ಧ ತೋಳಿನ ಅಂಗಿಯಲ್ಲಿ ಓಡಾಡುತ್ತಿದ್ದರು. ಅವನು ಕೋಟನ್ನು ಹೆಗಲಿಗೆ ಹಾಕಿಕೊಂಡು ಕಂಬಕ್ಕೆ ಒರಗಿ ನಿಂತ. ಈ ಸಲ ಗಂಟಲಲ್ಲಿದ್ದ ಪ್ರಶ್ನೆಯನ್ನೇ ಮೊದಲು ಕೇಳಿದ.

"ಅಕ್ಕ ಹೇಗಿದ್ದಾಳೆ?"

ಆ ಕಡೆ ಉಸಿರು ಎಳೆದುಕೊಂಡ ಸದ್ದು.

"ರೀ, ಮೊದಲು ಇದನ್ನ ಕೇಳಿ. ಆ ಎರಡನೇ ಪಂಪು ಇದೆಯಲ್ಲ, ಅದು ಬೆಳಿಗ್ಗೆಯಿಂದ ಕಟಕಟ ಅಂತಿದೆ. ಮುಟ್ಟಿದ್ರೆ ಕೈ ಸುಡತ್ತೆ. ನನಗೆ ಭಯ ಆಗ್ತಿದೆ. ಏನು ಮಾಡ್ಲಿ?"

"ಯಾವ ಪಂಪು?"

"ಎರಡನೇದು. ಎರಡು ಅಂತ ಬರೆದಿರೋದು."

"ನೋಡಿ ಬಂದ್ಯಾ?"

"ಅದರ ಮುಂದೇ ನಿಂತಿದೀನಿ ರೀ."

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಸಂಪರ್ಕ ಕಡಿದುಹೋಯಿತು. ಅಥವಾ ಅವನ ಬೆರಳೇ ಕಡಿಯಿತೋ, ಅವನಿಗೆ ಆಮೇಲೂ ತಿಳಿಯಲಿಲ್ಲ.

ಕಂಬದ ಬುಡದಲ್ಲಿ ಹಾಗೇ ಕುಕ್ಕರಗಾಲಲ್ಲಿ ಕೂತ. ಎರಡನೇ ಪಂಪು ಬಕೆಟಿನಲ್ಲಿದೆ. ಗೋಣಿಯಡಿ, ಹನ್ನೆರಡು ತುಂಡಾಗಿ. ಅದು ಕಟಕಟ ಅನ್ನಲಾರದು, ಅದನ್ನು ಮುಟ್ಟಿದರೆ ಕೈ ಸುಡಲಾರದು. ಮದುವೆಯಾಗಿ ಇಪ್ಪತ್ತೆರಡು ವರ್ಷ, ಅವಳು ಸುಳ್ಳು ಹೇಳಿದ್ದನ್ನು ಅವನು ಕೇಳಿರಲಿಲ್ಲ. ಗಿರಾಕಿಯ ಅಂಗಿ ಸುಟ್ಟರೆ ತಾನೇ ಹೋಗಿ ಹೇಳಿ ಬೈಸಿಕೊಂಡು ಬರುವ ಹೆಂಗಸು. ಅಂಥವಳು ಇಲ್ಲದ ಪಂಪಿನ ಮುಂದೆ ನಿಂತು, ಇಲ್ಲದ ಸದ್ದು ಕೇಳಿಸಿಕೊಂಡು, ಇಲ್ಲದ ಬಿಸಿಗೆ ಕೈ ಸುಟ್ಟುಕೊಂಡಿದ್ದಾಳೆ. ಯಾಕೆ ಎಂದು ಯಾರೂ ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನು ಅಕ್ಕನ ಸುದ್ದಿ ಕೇಳಿದ್ದ. ಅವಳು ಪಂಪಿನ ಸುದ್ದಿ ಕೊಟ್ಟಿದ್ದಳು.

ಬಿಸಿಲು ನೆಲದ ಮೇಲೆ ಚೌಕ ಚೌಕವಾಗಿ ಬಿದ್ದಿತ್ತು. ನೆಲ ಒರೆಸುವ ಹೆಂಗಸೊಬ್ಬಳು ಅವನ ಬೂಟಿನ ಸುತ್ತ ಒರೆಸಿಕೊಂಡು, ಏನೂ ಕೇಳದೆ, ಮುಂದೆ ಹೋದಳು.

ಅತ್ತುಬಿಡಬಹುದಿತ್ತು. ಆದರೆ ಅವನ ಮನಸ್ಸು ಕಂಡದ್ದು ಆ ನೆಲಮಾಳಿಗೆಯನ್ನು. ಅಲ್ಲಿ ಒಬ್ಬಳು ಚೀಟಿ ಪುಸ್ತಕ ಹಿಡಿದು, ಈ ಫೋನ್ ಮತ್ತೆ ಬರುತ್ತದೋ ಇಲ್ಲವೋ ಎಂದು ನಿಂತಿದ್ದಾಳೆ. ಗಂಡ ಆಕಾಶದಲ್ಲಿ ಒಬ್ಬನೇ ಇದ್ದಾನೆ, ಗೊತ್ತಾದರೆ ಯಾರ ಹೆಗಲಿಗೆ ತಲೆ ಕೊಡುತ್ತಾನೆ, ಊರು ಮುಟ್ಟುವವರೆಗೆ ಕೈಗೊಂದು ಕೆಲಸ ಕೊಟ್ಟಿರೋಣ ಎಂದು ಲೆಕ್ಕ ಹಾಕಿದ್ದಾಳೆ. ಅವನನ್ನು ಅವಳಷ್ಟು ಬಲ್ಲವರು ಇನ್ನು ಯಾರೂ ಉಳಿದಿರಲಿಲ್ಲ.

ಮತ್ತೆ ಫೋನ್ ಮಾಡಿದ.

"ಕಟ್ ಆಯ್ತು ಕಣೆ. ಬರ್ಕೋ. ಮೊದಲು ಎರಡನೇ ಸ್ವಿಚ್ ಆರಿಸು."

"ಆರಿಸಿದೆ."

"ಸದ್ದು ನಿಂತಿತಾ?"

"ನಿಂತಿತು."

"ಬೇರಿಂಗ್ ಬಿಸಿಯಾಗಿದೆ. ಒದ್ದೆ ಬಟ್ಟೆ ಸುತ್ತು. ಹಿಂಡಿ ಸುತ್ತು, ನೀರು ಸೋರಬಾರದು. ಆರೋವರೆಗೆ ಬಿಡು. ಆಮೇಲೆ ಮೇಲಿನ ಸಣ್ಣ ಮುಚ್ಚಳ ತೆಗೆದು ನಾಲ್ಕು ಹನಿ ಎಣ್ಣೆ. ನಾಲ್ಕೇ ಹನಿ."

"ನಾಲ್ಕು ಹನಿ," ಎಂದು ಅವಳು ಬರೆದುಕೊಳ್ಳುತ್ತ ಹೇಳಿದಳು. ಅವಳ ದನಿ ಎಲ್ಲೋ ನೀರಿನಡಿಯಿಂದ ಬಂದ ಹಾಗಿತ್ತು. "ಆಮೇಲೆ?"

"ಆಮೇಲೆ ಕೈಯಿಂದ ಒಂದು ಸುತ್ತು ತಿರುಗಿಸು. ಜೋರು ಮಾಡ್ಬೇಡ. ತಿರುಗಿದ್ರೆ ಸರಿ, ತಿರುಗದಿದ್ರೆ ಬಿಟ್ಬಿಡು. ಅದಕ್ಕಿಂತ ಹೆಚ್ಚು ಯಾರಿಂದಲೂ ಆಗಲ್ಲ."

"ತಿರುಗದಿದ್ರೆ ಬಿಟ್ಬಿಡ್ತೀನಿ."

ಮೂರನೇ ವಿಮಾನಕ್ಕೆ ಕರೆ ಬಂತು.

"ಚೆನ್ನಾಗಿ ಕಲಿತ್ಬಿಟ್ಟೆ ನೀನು," ಎಂದ ಅವನು.

"ಮೇಷ್ಟ್ರು ಹಾಗಿದ್ರು," ಎಂದಳು. "ಜೋಪಾನವಾಗಿ ಹೋಗಿ ರೀ."

ಅಕ್ಕನ ಬಗ್ಗೆ ಅವನು ಮತ್ತೆ ಕೇಳಲಿಲ್ಲ. ಕೇಳಲಿಲ್ಲ ಎಂಬುದು ಅವಳಿಗೂ ಗೊತ್ತಾಗಿತ್ತು.

ಮೂರನೇ ವಿಮಾನದಲ್ಲಿ ಪಕ್ಕಕ್ಕೆ ಕೂತವರು ಹಿರಿಯರು, ಮಾತುಗಾರರು. "ಏನು, ಊರಿಗಾ? ಬಹಳ ವರ್ಷದ ಮೇಲೆ ಅಂತ ಕಾಣತ್ತೆ, ಕೋಟೇ ಹೇಳತ್ತೆ!"

"ಅಕ್ಕನ ಮನೆಗೆ."

"ಕಾಯ್ತಾ ಇರ್ತಾರೆ ಬಿಡಿ ಪಾಪ."

"ಕಾದ್ಲು," ಎಂದ.

ಆ ವಿಮಾನದಲ್ಲಿಯೇ ಅವನಿಗೆ ಇನ್ನೊಂದು ಮಾತು ಹೊಳೆದದ್ದು. ಹೆಂಡತಿ ಇಲ್ಲದ ತೊಂದರೆಯನ್ನು ಹುಟ್ಟಿಸಬೇಕಾಗಿ ಬಂತು ಅಂದರೆ, ಇರುವ ತೊಂದರೆ ಒಂದೂ ಇರಲಿಲ್ಲ ಅಂತ ತಾನೇ? ವರ್ಷದ ಅತಿ ಕೆಟ್ಟ ಚಳಿಯಲ್ಲಿ, ಒಂದೇ ಪಂಪಿನ ಮೇಲೆ, ಲಾಂಡ್ರಿಯ ಹೆಂಗಸೊಬ್ಬಳ ಕೈಯಲ್ಲಿ, ಒಂದಿಷ್ಟು ಕೆಂಪು ಬೊಟ್ಟುಗಳ ಬಲದಿಂದ ಆ ಬಾಯ್ಲರ್ ನಡೆಯುತ್ತಿತ್ತು. ಹಾಗಾದರೆ ಹಿಂದಿನ ವರ್ಷವೂ ನಡೆಯುತ್ತಿತ್ತು. ಅದರ ಹಿಂದಿನ ವರ್ಷವೂ. ಅವನು ಬೆರಳು ಮಡಿಚಿ ಲೆಕ್ಕ ಹಾಕಲಿಲ್ಲ. ಕಿಟಕಿಯ ಕಡೆ ತಿರುಗಿ ಕೋಟಿನಲ್ಲಿ ಮುಖ ಹುದುಗಿಸಿದ. ಅದರಲ್ಲಿ ನೆಲಮಾಳಿಗೆಯ ಎಣ್ಣೆಯ ವಾಸನೆ ಇತ್ತು. ಆ ವಾಸನೆಯೊಳಗೆ, ವಿಮಾನ ಇಳಿಯುವವರೆಗೂ, ಅವನು ಅತ್ತ.

ಹೊರಗೆ ಬಂದಾಗ ಬಿಸಿಗಾಳಿ ಮುಖಕ್ಕೆ ಬಡಿಯಿತು, ಬಾಯ್ಲರಿನ ಬಾಗಿಲು ತೆರೆದಾಗ ಬಡಿಯುವ ಹಾಗೆ. ಭಾವ ಕಟಕಟೆಯ ಹತ್ತಿರ ನಿಂತಿದ್ದ. ಬಹಳ ಸಣ್ಣಗಾಗಿದ್ದ. ಊರಿಗೆಲ್ಲ ಗಡ್ಡ ಹೆರೆಯುವವನ ಮುಖದಲ್ಲಿ ನಾಲ್ಕು ದಿನದ ಬಿಳಿ ಗಡ್ಡ. ಇವನನ್ನು ಕಂಡು ಬಾಯಿ ತೆರೆದ.

"ಗೊತ್ತು ಭಾವ," ಎಂದ ಇವನು.

"ಯಾರು ಹೇಳಿದ್ರು? ನಿನ್ನ ಹೆಂಡ್ತಿ, ನೀನು ಇಳಿಯೋವರೆಗೆ ಉಸಿರೆತ್ತಬೇಡಿ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ಲು."

"ಅವಳು ಹೇಳಲಿಲ್ಲ. ಪಂಪು ಹೇಳ್ತು."

ಭಾವನಿಗೆ ಅರ್ಥವಾಗಲಿಲ್ಲ. ಇವನ ಹೆಗಲು ಹಿಡಿದುಕೊಂಡ. ಟ್ಯಾಕ್ಸಿಯಲ್ಲಿ ಅರ್ಧ ದಾರಿ ಕಳೆದ ಮೇಲೆ ತಾನಾಗಿಯೇ ಹೇಳಿದ, "ನೀನು ಮೊದಲನೇ ವಿಮಾನದಲ್ಲಿದ್ದಾಗ ಹೋದ್ಲು. ಹೆಚ್ಚು ನರಳಲಿಲ್ಲ. ಅದಕ್ಕೆ ಮುಂಚೆ ನಾನು ಕಿವಿ ಹತ್ರ ಬಗ್ಗಿ, ಪುಟ್ಟ ಹೊರಟ ಕಣೆ, ವಿಮಾನ ಹತ್ತಿದ, ಅಂದೆ. ಕಣ್ಣು ಬಿಟ್ಲು. ನಕ್ಕಳು ಕಣಯ್ಯ. 'ಮತ್ತೆ ಆ ಬಾಯ್ಲರ್ ಯಾರು ನೋಡ್ಕೋತಾರಂತೆ?' ಅಂದ್ಲು. ಅಷ್ಟೇ. ಆಮೇಲೆ ಮಾತಾಡಲಿಲ್ಲ."

ಆ ಬಿಸಿಲಿನಲ್ಲಿ ಹೆಣವನ್ನು ಮನೆಯಲ್ಲಿ ಇಡುವ ಹಾಗಿರಲಿಲ್ಲ. ಆಸ್ಪತ್ರೆಯ ಹಿಂಭಾಗದ ಶೀತಲ ಕೋಣೆಯಲ್ಲಿ ಇಟ್ಟಿದ್ದರು. ಬಾಗಿಲು ಕಾಯುವ ಮುದುಕ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು, ಇವನ ತೋಳಿನ ಮೇಲಿದ್ದ ಕೋಟನ್ನು ನೋಡಿದ.

"ಎಲ್ಲರೂ ಬರೀ ಅಂಗಿಯಲ್ಲಿ ಬಂದು ಒಳಗೆ ಗಡಗಡ ನಡುಗ್ತಾರೆ. ಸರಿಯಾಗಿ ತಯಾರಾಗಿ ಬಂದೋರು ನೀವೊಬ್ರೇ ಸ್ವಾಮಿ. ಹಾಕ್ಕೊಳ್ಳಿ, ಹಾಕ್ಕೊಳ್ಳಿ."

ಅವನು ಹಾಕಿಕೊಳ್ಳಲಿಲ್ಲ. "ಒಂದು ನಿಮಿಷ," ಎಂದು ಮೆಟ್ಟಿಲ ಮೇಲೆ ಕೂತು ಫೋನ್ ತೆಗೆದ. ಮೊದಲ ರಿಂಗಿಗೇ ಹೆಂಡತಿ ಎತ್ತಿದಳು.

"ಊರು ಮುಟ್ಟಿದ್ರಾ?"

"ಮುಟ್ಟಿದೆ. ಭಾವ ಜೊತೆಗಿದ್ದಾರೆ. ಇಲ್ಲೇ ಬಾಗಿಲ ಹತ್ರ ಇದೀನಿ."

ಅವಳು ಆ ಕಡೆ ಅಳಲು ಶುರು ಮಾಡಿದಳು. ಎರಡು ದಿನ ಹಿಡಿದಿಟ್ಟದ್ದು. ಅವನು ಅವಳನ್ನು ಅಳಲು ಬಿಟ್ಟ. ಆಮೇಲೆ ಕೇಳಿದ, "ಒಂದು ಮಾತು ಕೇಳ್ತೀನಿ, ನಿಜ ಹೇಳು. ಪಂಪಿನ ವಿಷಯ ಬಿಡು. ನಾನು ಹೊರಟ ಮೇಲೆ ಬಾಯ್ಲರ್ ಹೇಗಿತ್ತು?"

ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು. ಏನು ಹೇಳಿದರೆ ಏನಾಗುತ್ತದೆ ಎಂದು ಅಳೆಯುತ್ತಿದ್ದಳು. ಅಳೆದು, ಕೊನೆಗೆ ನಿಜ ಹೇಳುವ ತನ್ನ ಹಳೆಯ ಅಭ್ಯಾಸಕ್ಕೇ ಮರಳಿದಳು.

"ಒಂದು ಸಲವೂ ಕೆಟ್ಟಿಲ್ಲ ರೀ. ಟೀಚರಮ್ಮ ಬಂದಿರಲೇ ಇಲ್ಲ. ಮುಳ್ಳು ಇದ್ದಲ್ಲೇ ಇದೆ."

"ಹೂಂ," ಎಂದ. "ಸರಿ. ನೀನು ಊಟ ಮಾಡು."

ಒಳಗೆ ಹೋದ. ಗೋಡೆಯ ಆಚೆ ತಣ್ಣಗೆ ಮಾಡುವ ಯಂತ್ರ ಓಡುತ್ತಿತ್ತು. ಅಭ್ಯಾಸಬಲದಿಂದ ಅವನ ಕಿವಿ ಅದನ್ನು ಒಂದು ಕ್ಷಣ ಪರೀಕ್ಷಿಸಿ ಬಿಟ್ಟಿತು. ಮುದುಕ ಬಟ್ಟೆ ಸರಿಸಿ ಹಿಂದೆ ನಿಂತ. ಅಕ್ಕನ ತಲೆಯನ್ನು ಯಾರೋ ಚೆನ್ನಾಗಿ ಬಾಚಿದ್ದರು. ಭಾವನೇ ಬಾಚಿರಬೇಕು. ಆ ಸೊಂಟ, ಆ ತೋಳು ಎಲ್ಲ ಇಷ್ಟು ಚಿಕ್ಕದಿತ್ತೇ ಅನ್ನಿಸಿತು. ತನ್ನನ್ನು ಹೇಗೆ ಹೊತ್ತುಕೊಂಡು ತಿರುಗಿದಳೋ.

ವಿಮಾನದಲ್ಲಿ ಅಭ್ಯಾಸ ಮಾಡಿಕೊಂಡು ಬಂದಿದ್ದ ಮಾತು ಬಾಯಿಗೆ ಬರಲಿಲ್ಲ. ಅದನ್ನು ಹೇಳುವ ಹೊತ್ತು ಮೀರಿಹೋಗಿತ್ತು. ಆದರೆ ಅವಳು ಒಂದು ಪ್ರಶ್ನೆ ಕೇಳಿ ಹೋಗಿದ್ದಳು. ಅದಕ್ಕೆ ಉತ್ತರ ಕೊಡುವುದು ಬಾಕಿ ಇತ್ತು. ಅವನು ಅವಳ ಕಿವಿಯ ಹತ್ತಿರ ಬಗ್ಗಿದ.

"ಯಾರೂ ಬೇಕಾಗಿಲ್ಲ ಅಕ್ಕ," ಎಂದ. "ಅದರ ಪಾಡಿಗೆ ಅದು ನಡೀತಾ ಇದೆ."